ಹಾಲುಗಣ್ಣಿನ ಪುಟ್ಟಿ: ಒಂದು ಕುಟುಂಬ, ಒಂದು ಪ್ರೋಟೀನ್, ಎರಡು ಸಲ ತಪ್ಪಿದ ಲೆಕ್ಕ

ಈ ಮಗುವನ್ನು ಇಲ್ಲಿ ಪುಟ್ಟಿ ಅಂತ ಕರೆಯುತ್ತೇನೆ. ಊರಿನ ಹೆಸರು ಬರೆಯುವುದಿಲ್ಲ. ವಯಸ್ಸು, ತಿಂಗಳು, ಕೆಲವು ವಿವರಗಳನ್ನು ಗುರುತು ಸಿಗದ ಹಾಗೆ ಬದಲಿಸಿದ್ದೇನೆ. ಉತ್ತರ ಕರ್ನಾಟಕದಲ್ಲಿ ಕಬ್ಬು ಬೆಳೆಯುವ ಕಡೆಯ ಕುಟುಂಬ ಅಂದರೆ ಸಾಕು. ನಾನು ಕಾರ್ನಿಯಾ ನೋಡುವ ಕಣ್ಣಿನ ವೈದ್ಯೆ. ಕಾರ್ನಿಯಾ ಅಂದರೆ ಕರಿಗುಡ್ಡೆಯ ಮುಂದೆ ಗಡಿಯಾರದ ಗಾಜಿನ ಹಾಗೆ ಕೂತಿರುವ ಪಾರದರ್ಶಕ ಭಾಗ.

ಪುಟ್ಟಿ ಮೊದಲು ಬಂದಾಗ 14 ತಿಂಗಳ ಮಗು. ಅವಳ ಜೊತೆ ಒಂದು ದಪ್ಪ ಫೈಲೂ ಬಂತು. ಇನ್ನೊಂದು ಆಸ್ಪತ್ರೆಯಲ್ಲಿ ಕಣ್ಣಿನ ಒತ್ತಡ 26 ಮತ್ತು 27 ಬಂದಿತ್ತು, ಇರಬೇಕಾದ್ದಕ್ಕಿಂತ ಜಾಸ್ತಿ. ಹುಟ್ಟಿನಿಂದಲೇ ಬಂದ ಗ್ಲಾಕೋಮಾ (ಒಳಗಿನ ಒತ್ತಡ ಏರಿ ಕಣ್ಣಿನ ನರ ಕೆಡಿಸುವ ಕಾಯಿಲೆ) ಅಂತ ಬರೆದು ಮೂರು ತಿಂಗಳಿಂದ ಡ್ರಾಪ್ಸ್ ಹಾಕಿಸುತ್ತಿದ್ದರು. ಆಪರೇಷನ್‌ಗೆ ದಿನವೂ ಗೊತ್ತಾಗಿತ್ತು, ಇನ್ನು ಹತ್ತೇ ದಿನ. ಅದಕ್ಕೂ ಮೊದಲು ಇನ್ನೊಬ್ಬರಿಗೆ ತೋರಿಸೋಣ ಅಂತ ಬಂದಿದ್ದರು.

"ಹುಟ್ಟಿದಾಗಿಂದ ಕಣ್ಣಾಗ ಹಾಲು ಹಾಕಿದಂಗ ಐತ್ರಿ," ಅಂದರು ಅಪ್ಪ. ಅವ್ವ ಮಾತಾಡಲಿಲ್ಲ. ಬಸುರಿದ್ದಾಗ ಗ್ರಹಣದ ದಿನ ಅಂಗಳಕ್ಕೆ ಬಂದಿದ್ದಳು, ಅದಕ್ಕೇ ಹೀಗಾಯಿತು ಅಂತ ಓಣಿಯವರು ಅಂದಿದ್ದರಂತೆ. ಅದು ನನಗೆ ಗೊತ್ತಾಗಿದ್ದು ಆಮೇಲೆ.

ಟಾರ್ಚ್ ಬಿಟ್ಟು ನೋಡಿದೆ. ಎರಡೂ ಕಣ್ಣು ಒಂದೇ ಥರ. ಅಂಚಿನಿಂದ ಅಂಚಿನವರೆಗೆ ತಿಳಿನೀಲಿ ಬೆರೆತ ಬೂದು, ಬಾಯಿಂದ ಉಸಿರು ಊದಿದ ಕನ್ನಡಿಯ ಹಾಗೆ. ಆದರೆ ಕಣ್ಣಲ್ಲಿ ನೀರು ಸುರಿಯುತ್ತಿರಲಿಲ್ಲ. ಬೆಳಕು ಬಿಟ್ಟರೂ ಮಗು ಸುಮ್ನೆ ಟಾರ್ಚನ್ನೇ ಹಿಡಿಯಲು ಬಂತು. ಗ್ಲಾಕೋಮಾ ಇರುವ ಮಕ್ಕಳು ಸಾಮಾನ್ಯವಾಗಿ ಹೀಗಿರುವುದಿಲ್ಲ. ಬೆಳಕು ಕಂಡರೆ ಅವ್ವನ ಸೆರಗಿನೊಳಗೆ ತಲೆ ತೂರಿಸುತ್ತವೆ. ಕಣ್ಣು ದೊಡ್ಡದಾಗುತ್ತಾ ಹೋಗುತ್ತದೆ. ಮೊದಮೊದಲು ಮನೆಯವರು "ಎಷ್ಟು ಚಂದದ ದೊಡ್ಡ ಕಣ್ಣು" ಅಂತ ಖುಷಿಪಡುವುದೂ ಉಂಟು.

ನನ್ನ ಡ್ರಾಯರ್‌ನಲ್ಲಿ ಸಕ್ಕರೆ ಹಚ್ಚಿದ ಸೋಂಪಿನ ಕಾಳು ಇರುತ್ತದೆ. ಹೋಟೆಲಿನಲ್ಲಿ ಬಿಲ್ ಜೊತೆ ಕೊಡುತ್ತಾರಲ್ಲ, ಅದೇ. ಕಪ್ಪು ಟ್ರೇ ಮೇಲೆ ಬಿಳಿಯದೊಂದು ಕಾಳು ಇಟ್ಟೆ. ಪುಟ್ಟಿ ಬಗ್ಗಿದಳು, ಮುಖವನ್ನು ಟ್ರೇಯಿಂದ ಒಂದು ಗೇಣಿನಷ್ಟು ಹತ್ತಿರ ತಂದಳು, ಎರಡು ಬೆರಳಲ್ಲಿ ಕಾಳು ಹೆಕ್ಕಿದಳು. ಬಾಯಿಗೆ ಹೋಗುವ ಮೊದಲೇ ಅವ್ವ ಕೈ ಹಿಡಿದಳು. ಇಷ್ಟು ಮಂಜಾದ ಕಣ್ಣಿನಲ್ಲಿ ಇಷ್ಟು ಕಾಣುತ್ತಿದೆ ಅಂದರೆ ನಮಗೆ ಯೋಚಿಸಲು ಸ್ವಲ್ಪ ಸಮಯ ಇದೆ ಅನಿಸಿತು.

ಅಂಕಿ ಯಾಕೆ ಸುಳ್ಳು ಹೇಳಿತು

ಮಗುವಿಗೆ ಅರಿವಳಿಕೆ ಕೊಟ್ಟು ಎಲ್ಲವನ್ನೂ ಅಳೆದೆವು. ಒತ್ತಡ 25. ಕಾರ್ನಿಯಾದ ಅಗಲ 11 ಮಿಲಿಮೀಟರ್, ಆ ವಯಸ್ಸಿಗೆ ಸರಿಯಾಗಿಯೇ ಇತ್ತು. ಕಣ್ಣಿನ ಉದ್ದವೂ ವಯಸ್ಸಿಗೆ ತಕ್ಕಷ್ಟೇ. ಆಮೇಲೆ ಕಾರ್ನಿಯಾದ ದಪ್ಪ ಅಳೆದೆವು. ಸಾಮಾನ್ಯವಾಗಿ 540 ಮೈಕ್ರಾನ್ ಆಸುಪಾಸು ಇರುತ್ತದೆ, ಅಂದರೆ ಸುಮಾರು ಅರ್ಧ ಮಿಲಿಮೀಟರ್. ಪುಟ್ಟಿಯದು 1,100 ಇತ್ತು.

ಕಣ್ಣಿನ ಒತ್ತಡವನ್ನು ನಾವು ನೇರವಾಗಿ ಅಳೆಯುವುದಿಲ್ಲ. ಕಾರ್ನಿಯಾವನ್ನು ಹೊರಗಿನಿಂದ ಒತ್ತಿ, ಅದು ಎಷ್ಟು ತಿರುಗಿ ಒತ್ತುತ್ತದೆ ಅಂತ ನೋಡುತ್ತೇವೆ. ಸೈಕಲ್ ಟಯರನ್ನು ಹೆಬ್ಬೆರಳಲ್ಲಿ ಒತ್ತಿ ಗಾಳಿ ನೋಡುವ ಹಾಗೆ. ಟಯರೇ ದಪ್ಪವಿದ್ದರೆ ಗಾಳಿ ಜಾಸ್ತಿ ಇದೆ ಅನಿಸುತ್ತದೆ. ಕಾರ್ನಿಯಾದಲ್ಲಿ ಲೆಕ್ಕ ಇಷ್ಟು ನೇರವೂ ಅಲ್ಲ. ನೀರು ತುಂಬಿ ಮೆತ್ತಗಾಗಿದ್ದರೆ ಅಂಕಿ ಕಡಿಮೆಯೂ ಬರಬಹುದು. ಒಟ್ಟಿನಲ್ಲಿ ಅಂಥ ಕಣ್ಣಲ್ಲಿ ಆ ಅಂಕಿಯನ್ನು ನಂಬಿ ಕತ್ತರಿ ಹಿಡಿಯುವ ಹಾಗಿಲ್ಲ.

ಮೊದಲು ನೋಡಿದ ವೈದ್ಯರನ್ನು ನಾನು ದೂರುವುದಿಲ್ಲ. ಮಗುವಿನ ಕಾರ್ನಿಯಾ ಮಂಜಾಗಿದ್ದರೆ ಮೊದಲು ಗ್ಲಾಕೋಮಾ ಅಂತಲೇ ಯೋಚಿಸಬೇಕು. ತಡ ಮಾಡಿದರೆ ನರ ಹೋಗುತ್ತದೆ, ಹೋದ ನರ ವಾಪಸ್ ಬರುವುದಿಲ್ಲ. ಅವರ ಫೈಲಿನಲ್ಲಿ ಕಾರ್ನಿಯಾದ ದಪ್ಪ ಒಂದು ಇರಲಿಲ್ಲ, ಅಷ್ಟೇ.

ನನ್ನ ಮನಸ್ಸಿನಲ್ಲಿ ಇನ್ನೊಂದು ಹೆಸರು ಓಡುತ್ತಿತ್ತು. ಕಂಜೆನಿಟಲ್ ಹೆರೆಡಿಟರಿ ಎಂಡೋಥೀಲಿಯಲ್ ಡಿಸ್ಟ್ರೊಫಿ, ಅಂದರೆ ವಂಶದಲ್ಲಿ ಬಂದು ಹುಟ್ಟಿನಿಂದಲೇ ಕಾರ್ನಿಯಾದ ಹಿಂದಿನ ಪದರ ಕೆಡಿಸುವ ಕಾಯಿಲೆ. ನಾವು ಚಿಕ್ಕದಾಗಿ ಚೆಡ್ ಅನ್ನುತ್ತೇವೆ. ತೊಂದರೆ ಏನೆಂದರೆ ಚೆಡ್ ಮತ್ತು ಗ್ಲಾಕೋಮಾ ಒಂದೇ ಕಣ್ಣಲ್ಲಿ ಜೊತೆಗೂ ಇರಬಹುದು. ಹಾಗಾಗಿ ನಡುವಿನ ದಾರಿ ಹಿಡಿದೆ. ಆಪರೇಷನ್ ಮುಂದೂಡಿದೆ, ಡ್ರಾಪ್ಸ್ ನಿಲ್ಲಿಸಲಿಲ್ಲ. ಆರು ವಾರ ಬಿಟ್ಟು ಮತ್ತೆ ಅಳೆದೆ. ಒಳಗೆ ಒತ್ತಡ ನಿಜವಾಗಿಯೂ ಜಾಸ್ತಿ ಇದ್ದರೆ ಎಳೆಗಣ್ಣು ಹಿಗ್ಗಬೇಕು. ಪುಟ್ಟಿಯ ಕಣ್ಣು ವಯಸ್ಸಿಗೆ ಮೀರಿ ಹಿಗ್ಗಿರಲಿಲ್ಲ. ಡ್ರಾಪ್ಸ್ ನಿಲ್ಲಿಸಿದೆ. ಆಮೇಲೂ ಮೂರು ತಿಂಗಳು ಬೆನ್ನು ಹತ್ತಿ ನೋಡಿದೆ.

"ಮಾಮಾ, ಬಾಟ್ಲಿ ಕೊಡ್ರಿ"

ಚೆಡ್ ಬರಬೇಕಾದರೆ ಜೀನಿನ ಎರಡೂ ಪ್ರತಿ ಕೆಟ್ಟಿರಬೇಕು, ಒಂದು ಅಪ್ಪನಿಂದ, ಇನ್ನೊಂದು ಅವ್ವನಿಂದ. ಸಂಬಂಧದೊಳಗೆ ಮದುವೆಯಾದ ಮನೆಗಳಲ್ಲಿ ಇದು ಜಾಸ್ತಿ ಕಾಣಿಸುತ್ತದೆ. ಆದರೆ ನಮ್ಮ ಫಾರ್ಮಿನಲ್ಲಿ 'ರಕ್ತಸಂಬಂಧದಲ್ಲಿ ಮದುವೆ' ಅನ್ನುವ ಕಡೆ 'ಇಲ್ಲ' ಅಂತಿತ್ತು. ಹಳೆಯ ಫೈಲಿನಲ್ಲೂ 'ಇಲ್ಲ'.

ಒಂದು ದಿನ ವರಾಂಡದಲ್ಲಿ ಹೋಗುತ್ತಿದ್ದೆ. ಪುಟ್ಟಿಯ ಅವ್ವ ಗಂಡನನ್ನು ಕರೆಯುತ್ತಿದ್ದಳು, "ಮಾಮಾ, ಬಾಟ್ಲಿ ಕೊಡ್ರಿ." ನಿಂತೆ. ನಮ್ಮ ಕಡೆ ಸುಮ್ನೆ ಪ್ರೀತಿಗೂ ಗಂಡನನ್ನು ಮಾಮಾ ಅನ್ನುವವರಿದ್ದಾರೆ. ಆದರೂ ಕೇಳಿದೆ, "ಖರೇ ಮಾಮಾನೇ ಏನವ್ವಾ?"

ಅವಳು ನಕ್ಕಳು. "ಹೌದ್ರಿ, ನಮ್ಮವ್ವನ ತಮ್ಮ."

"ಮತ್ತೆ ರಕ್ತಸಂಬಂಧ ಇಲ್ಲ ಅಂದಿದ್ರಲ್ಲ?"

ಗಂಡ ಉತ್ತರ ಕೊಟ್ಟರು. "ರಕ್ತಸಂಬಂಧ ಅಲ್ರೀ ಮೇಡಂ. ನಮ್ಮ ಬೆಡಗು ಬ್ಯಾರೆ, ಅವರ ಬೆಡಗು ಬ್ಯಾರೆ."

ಅವರು ಸುಳ್ಳು ಹೇಳಿರಲಿಲ್ಲ. ಅವರ ಲೆಕ್ಕದಲ್ಲಿ ಬೆಡಗು, ಅಂದರೆ ಅಪ್ಪನ ಕಡೆಯಿಂದ ಬರುವ ಕುಲ, ಒಂದೇ ಆಗಿದ್ದರೆ ಅಣ್ಣ-ತಂಗಿ, ಅಲ್ಲಿ ಮದುವೆಯೇ ಇಲ್ಲ. ಅಕ್ಕನ ಮಗಳ ಬೆಡಗು ಬೇರೆ, ಆದ್ದರಿಂದ ಮದುವೆ ಸರಿ, ರಕ್ತವೂ ಬೇರೆ. ಜೀನುಗಳಿಗೆ ಬೆಡಗು ಗೊತ್ತಿಲ್ಲ. ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ಸರಾಸರಿ ಕಾಲು ಭಾಗ ಜೀನುಗಳು ಒಂದೇ ಮೂಲದವು. ಸೋದರತ್ತೆ-ಸೋದರಮಾವನ ಮಕ್ಕಳ ನಡುವೆ ಎಂಟರಲ್ಲಿ ಒಂದು ಭಾಗ. ಪ್ರಶ್ನೆ ಕೇಳಿದ ರೀತಿಯೇ ತಪ್ಪಾಗಿತ್ತು. ಅವತ್ತಿನಿಂದ ನಮ್ಮ ಫಾರ್ಮಿನಲ್ಲಿ ಆ ಸಾಲು ಬದಲಾಗಿದೆ: 'ಮದುವೆಗೆ ಮೊದಲು ಗಂಡನನ್ನು ಏನಂತ ಕರೆಯುತ್ತಿದ್ದಿರಿ?'

ಅವತ್ತೇ ಕುಟುಂಬದ ನಕ್ಷೆ ಬರೆದೆ. ಬರೆಯುತ್ತಾ ನನಗೇ ತಲೆ ತಿರುಗಿತು. ಪುಟ್ಟಿಯ ಅಜ್ಜಿ ಅವಳ ಅವ್ವನ ಅವ್ವ, ಅಪ್ಪನ ಅಕ್ಕನೂ ಹೌದು. ಅವ್ವನ ಅಜ್ಜಿಯೇ ಅವಳಿಗೆ ಅತ್ತೆ. ಗೆರೆಗಳೆಲ್ಲ ಸುತ್ತಿ ಬಂದು ಒಂದೇ ಮನೆ ಸೇರಿದವು.

ಜವಳು ಹಿಡಿದ ಹೊಲ

ರಕ್ತ ಪರೀಕ್ಷೆಯಲ್ಲಿ ಉತ್ತರ ಸಿಕ್ಕಿತು. ಎಸ್‌ಎಲ್‌ಸಿ4ಎ11 ಅನ್ನುವ ಜೀನಿನಲ್ಲಿ ಒಂದೇ ಅಕ್ಷರದ ಬದಲಾವಣೆ, ಪುಟ್ಟಿಯಲ್ಲಿ ಎರಡೂ ಪ್ರತಿಗಳಲ್ಲಿ. ಅಪ್ಪ, ಅವ್ವ ಇಬ್ಬರಲ್ಲೂ ಒಂದೊಂದು ಪ್ರತಿಯಲ್ಲಿ. ಚೆಡ್‌ಗೂ ಈ ಜೀನಿಗೂ ಇರುವ ನಂಟು ಬೆಳಕಿಗೆ ಬಂದಿದ್ದು 2006ರಲ್ಲಿ.

ಕಾರ್ನಿಯಾದ ಹಿಂಬದಿಯಲ್ಲಿ ಎಂಡೋಥೀಲಿಯಂ ಅಂತ ಒಂದು ಪದರ ಇದೆ, ಒಂದೇ ಒಂದು ಸಾಲು ಕೋಶಗಳು. ಕಣ್ಣಿನೊಳಗಿನ ನೀರು ಕಾರ್ನಿಯಾಕ್ಕೆ ಸದಾ ಜಿನುಗುತ್ತಿರುತ್ತದೆ. ಆ ಕೋಶಗಳು ಉಪ್ಪಿನ ಅಯಾನುಗಳನ್ನು ಹೊರಕ್ಕೆ ಸಾಗಿಸುತ್ತವೆ, ಅದರ ಹಿಂದೆ ನೀರೂ ಹೊರಡುತ್ತದೆ. ಜಿನುಗುವುದು, ಹೊರಹಾಕುವುದು ಸರಿದೂಗಿದರೆ ಕಾರ್ನಿಯಾ ಗಾಜಿನಂತೆ ತಿಳಿಯಾಗಿರುತ್ತದೆ. ತಪ್ಪಿದರೆ ಊದಿ ಮಂಜಾಗುತ್ತದೆ. ಈ ಸಾಗಣೆಗೆಂದು ಕೋಶದ ಗೋಡೆಯಲ್ಲಿ ಕೂತಿರುವ ಹಲವು ಪ್ರೋಟೀನ್‌ಗಳಲ್ಲಿ, ಈ ಜೀನಿನಿಂದ ತಯಾರಾಗುವ, ಅದೇ ಹೆಸರಿನ ಎಸ್‌ಎಲ್‌ಸಿ4ಎ11 ಕೂಡ ಒಂದು. ಗಿಡಗಳ ಬೋರಾನ್ ಸಾಗಿಸುವ ಪ್ರೋಟೀನನ್ನು ಹೋಲುತ್ತದೆ ಅಂತ ಮೊದಲು ಇದೂ ಬೋರಾನನ್ನೇ ಸಾಗಿಸುತ್ತದೆ ಅಂದುಕೊಂಡಿದ್ದರು. ಮುಂದಿನ ಪ್ರಯೋಗಗಳು ಬೇರೆ ಕಡೆ ಬೊಟ್ಟು ಮಾಡಿದವು. ಈ ಕೋಶಗಳು ಶಕ್ತಿಗಾಗಿ ಗ್ಲುಟಮಿನ್ ಬಳಸುತ್ತವೆ, ಅದರಿಂದ ಅಮೋನಿಯಾ ಹುಟ್ಟುತ್ತದೆ. ಆ ಅಮೋನಿಯಾವನ್ನು ಮತ್ತು ಆಮ್ಲದ ಕಣಗಳನ್ನು ನಿಭಾಯಿಸುವುದರಲ್ಲಿ ಈ ಪ್ರೋಟೀನಿನ ಪಾತ್ರ ಇದೆ.

ಪುಟ್ಟಿಯ ಅಪ್ಪನಿಗೆ ಅಮೋನಿಯಾ ಕಥೆ ಹೇಳಲಿಲ್ಲ. ಕೋಶ, ಗೋಡೆ, ನೀರು ಅಂತ ಕಾಗದದ ಮೇಲೆ ಚಿತ್ರ ಬರೆದೆ. ಸ್ವಲ್ಪ ಹೊತ್ತು ನೋಡಿ ಅವರೇ ಅಂದರು, "ಹೊಲ ಜವಳು ಹಿಡದಂಗ ಆಗೇತಿ, ಹೌದಿಲ್ರಿ? ನೀರು ಬಸದು ಹೋಗವಲ್ದು." ಕಬ್ಬಿಗೆ ನೀರು ಬಿಟ್ಟು ಬಿಟ್ಟು ಸವಳು-ಜವಳಾದ ಹೊಲ ಅವರ ಊರಲ್ಲಿ ಎಲ್ಲರಿಗೂ ಗೊತ್ತು. ಇದಕ್ಕಿಂತ ಒಳ್ಳೆಯ ಹೋಲಿಕೆ ನನಗೆ ಇವತ್ತಿಗೂ ಸಿಕ್ಕಿಲ್ಲ.

ಇನ್ನೊಂದು ಮಾತೂ ಹೇಳಿದೆ. ಇಂಥ ಅನೇಕ ಬದಲಾವಣೆಗಳಲ್ಲಿ ಪ್ರೋಟೀನ್ ತಯಾರಾಗುತ್ತದೆ, ಆದರೆ ಸರಿಯಾಗಿ ಮಡಿಚಿಕೊಳ್ಳುವುದಿಲ್ಲ. ಕೋಶ ಅದನ್ನು ಒಳಗೇ ತಡೆದು ಒಡೆದು ಹಾಕುತ್ತದೆ. ಗೋಡೆಯವರೆಗೆ ಅದು ಹೋಗುವುದೇ ಇಲ್ಲ. "ಅಂದ್ರ ಮೋಟರ್ ಐತಿ, ಬಾವಿಗೆ ಇಳಿಸಿಲ್ಲ," ಅಂದರು. ಔಷಧ ಕೊಟ್ಟು ಇಳಿಸಲು ಆಗುವುದಿಲ್ಲವೇ ಅಂತಲೂ ಕೇಳಿದರು. ಪ್ರಯೋಗಾಲಯದ ಕೋಶಗಳಲ್ಲಿ ಕೆಲವು ನೋವು ನಿವಾರಕ ಔಷಧಗಳು ಕೆಲವು ಕೆಟ್ಟ ಪ್ರೋಟೀನ್‌ಗಳನ್ನು ಗೋಡೆಯತ್ತ ದೂಡಿದ್ದು ನಿಜ. ಆದರೆ ಪುಟ್ಟಿಯ ಕಣ್ಣಿಗೆ ಹಾಕಲು ನನ್ನ ಕೈಯಲ್ಲಿ ಅಂಥ ಔಷಧ ಇರಲಿಲ್ಲ. ಹಾಗಂತಲೇ ಹೇಳಿದೆ.

ಅವ್ವ ಅವತ್ತು ಒಂದೇ ಪ್ರಶ್ನೆ ಕೇಳಿದಳು. "ಹಂಗಾರ ಗ್ರಹಣದ್ದು ಅಲ್ಲೇನ್ರಿ?" ಅಲ್ಲ ಅಂದೆ. ಅದನ್ನು ಚೀಟಿಯಲ್ಲಿ ಬರೆದು ಕೊಡಿ ಅಂದಳು. ಬರೆದು, ಸೀಲ್ ಹಾಕಿ ಕೊಟ್ಟೆ.

ಒಂದು ಪದರ ಸಾಕು

ಕಾರ್ನಿಯಾ ಬದಲಿಸುವುದಕ್ಕೆ ಎರಡು ದಾರಿ ಇದ್ದವು. ಪೂರ್ತಿ ಕಾರ್ನಿಯಾ ತೆಗೆದು ದಾನಿಯದನ್ನು ಹೊಲಿಯುವುದು ಹಳೆಯ ದಾರಿ. ಹಿಂದಿನ ಪದರವನ್ನಷ್ಟೇ ಒಳಗಿನಿಂದ ಅಂಟಿಸುವುದು ಇನ್ನೊಂದು. ಮೊದಲನೆಯದರಲ್ಲಿ ಸುತ್ತಲೂ ಹೊಲಿಗೆ, ವರ್ಷಗಟ್ಟಲೆ ಆರೈಕೆ. ಆಡುವಾಗ ಜೋರಾಗಿ ಏಟು ಬಿದ್ದರೆ ಗಾಯ ಬಿಚ್ಚಿಕೊಳ್ಳುವ ಭಯ. ಆಸ್ಪತ್ರೆಯಿಂದ ಇಡೀ ರಾತ್ರಿಯ ಬಸ್ ಪ್ರಯಾಣದಷ್ಟು ದೂರ ಇರುವ ಮಗುವಿಗೆ ಅದು ಬೇಡ ಅನಿಸಿತು. ಎರಡನೆಯದರಲ್ಲಿ ಗಾಯ ಚಿಕ್ಕದು. ಆದರೆ ಮಂಜಿನ ಮೂಲಕ ನೋಡುತ್ತಾ ಆಪರೇಷನ್ ಮಾಡಬೇಕು, ಆಮೇಲೆ ಮಗು ಅಲ್ಲಾಡದೆ ಅಂಗಾತ ಮಲಗಬೇಕು.

ಪದರ ಬಿಡಿಸಿ ಹಾಕುವುದು ಅಂದರೆ ಏನು ಅಂತ ವಿವರಿಸಲು ನನಗೆ ಕಷ್ಟವಾಗಲಿಲ್ಲ. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಎರಡು ಕಣ್ಣು ನಾಲ್ವರಿಗೆ ಬೆಳಕಾದದ್ದು ಕರ್ನಾಟಕದಲ್ಲಿ ಯಾರಿಗೆ ಗೊತ್ತಿಲ್ಲ? ಪ್ರತಿ ಕಾರ್ನಿಯಾವನ್ನು ಮುಂದಿನ ಪದರ, ಹಿಂದಿನ ಪದರ ಅಂತ ಬಿಡಿಸಿದ್ದರು. ಮುಂದಿನವು ಇಬ್ಬರಿಗೆ, ಹಿಂದಿನವು ಇಬ್ಬರಿಗೆ. "ಅಪ್ಪು ಕಣ್ಣಿನಂಗ," ಅಂದರು ಅಪ್ಪ. ಹೌದು, ನಮಗೆ ಬೇಕಾಗಿದ್ದು ಹಿಂದಿನ ಪದರ.

ಪುಟ್ಟಿಗೆ 2 ವರ್ಷ 2 ತಿಂಗಳಾದಾಗ ಬಲಗಣ್ಣಿನ ಆಪರೇಷನ್ ಆಯಿತು. ಎಂಟು ಮಿಲಿಮೀಟರ್ ಅಗಲದ, ಕಾಗದದಷ್ಟು ತೆಳು ಪದರವನ್ನು ಒಳಗೆ ಬಿಡಿಸಿ, ಕೆಳಗಿನಿಂದ ಗಾಳಿಗುಳ್ಳೆ ಬಿಟ್ಟು ಕಾರ್ನಿಯಾಕ್ಕೆ ಒತ್ತಿ ನಿಲ್ಲಿಸಿದೆವು. ಗಾಳಿ ಮೇಲಕ್ಕೇರುತ್ತದೆ, ಅದಕ್ಕೇ ಮುಖ ಸೂರಿನ ಕಡೆ ಇರಬೇಕು. ಅವ್ವ ಎರಡು ದಿನ ಕಾಲು ಚಾಚಿ ಕೂತು ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡಳು. ಎಣ್ಣೆ ಹಚ್ಚಿ ಎರೆಯುವಾಗ ಮಲಗಿಸಿಕೊಳ್ಳುತ್ತಾರಲ್ಲ, ಹಾಗೆ. ಆದರೂ ಎರಡನೇ ದಿನ ಒಂದು ಅಂಚು ಕಳಚಿತು. ಮತ್ತೆ ಅರಿವಳಿಕೆ, ಮತ್ತೆ ಗಾಳಿ. ಈ ಸಲ ನಿಂತಿತು.

ದಪ್ಪ ವಾರದಿಂದ ವಾರಕ್ಕೆ ಇಳಿಯಿತು. 1,100 ಇದ್ದದ್ದು ಮೂರು ತಿಂಗಳಲ್ಲಿ 680 ಆಯಿತು. ಮೊದಲ ಸಲ ಅವಳ ಪಾಪೆಯ ಅಂಚು ಸ್ಪಷ್ಟವಾಗಿ ಕಂಡ ದಿನ ಓಪಿಡಿಯಲ್ಲಿ ಎಲ್ಲರನ್ನೂ ಕರೆದು ತೋರಿಸಿದೆ.

ಈ ಸಲ ಅಂಕಿ ನಿಜ ಹೇಳಿತ್ತು

ಇಲ್ಲಿ ನನ್ನ ತಪ್ಪು ಬರೆಯಬೇಕು. ಹಾಕಿದ ಪದರವನ್ನು ಮೈ ತಿರಸ್ಕರಿಸದಿರಲಿ ಅಂತ ಸ್ಟೀರಾಯ್ಡ್ ಡ್ರಾಪ್ಸ್ ಹಾಕುತ್ತೇವೆ. ಕೆಲವು ಮಕ್ಕಳಲ್ಲಿ ಅದರಿಂದಲೇ ಕಣ್ಣಿನ ಒತ್ತಡ ಏರುತ್ತದೆ. ನಾಲ್ಕನೇ ತಿಂಗಳಲ್ಲಿ ಬಲಗಣ್ಣಿನ ಒತ್ತಡ 28 ಬಂತು. ನಾನು ತಲೆ ಕೆಡಿಸಿಕೊಳ್ಳಲಿಲ್ಲ. "ದಪ್ಪ ಕಾರ್ನಿಯಾ, ಈ ಮಗುವಿನಲ್ಲಿ ಅಂಕಿ ಸುಳ್ಳು" ಅಂತ ಬರೆದು ಆರು ವಾರ ಬಿಟ್ಟು ಬರಲು ಹೇಳಿದೆ. ಒಂದು ಸಲ ಸರಿಯಾಗಿ ಊಹಿಸಿದ ಹೆಮ್ಮೆ ನನ್ನ ಕಣ್ಣು ಕಟ್ಟಿತ್ತು.

ಆರು ವಾರದ ಮೇಲೆ 30. ಜೊತೆಗಿದ್ದ ಪಿಜಿ ಓದುವ ಹುಡುಗಿ ಮೆಲ್ಲಗೆ ಕೇಳಿದಳು, "ಮೇಡಂ, ಆಪರೇಷನ್ ಆಗದ ಕಣ್ಣು ಇನ್ನೂ 1,100 ದಪ್ಪ ಇದೆ, ಅದರಲ್ಲಿ 23. ತೆಳ್ಳಗಾಗಿರೋ ಕಣ್ಣಲ್ಲಿ 30. ದಪ್ಪದಿಂದ ಆಗಿದ್ದರೆ ಉಲ್ಟಾ ಇರಬೇಕಿತ್ತು, ಅಲ್ವಾ?"

ಅಲ್ವಾ ಏನು, ಹೌದು. ಪಕ್ಕದಲ್ಲೇ ಹೋಲಿಸಿ ನೋಡಲು ಇನ್ನೊಂದು ಕಣ್ಣಿತ್ತು. ನಾನು ಹೋಲಿಸಿರಲಿಲ್ಲ. ಸ್ಟೀರಾಯ್ಡನ್ನು ಸೌಮ್ಯವಾದದ್ದಕ್ಕೆ ಬದಲಿಸಿ, ಒತ್ತಡ ಇಳಿಸುವ ಡ್ರಾಪ್ಸ್ ಶುರು ಮಾಡಿದೆವು. ಒಂದು ವರ್ಷಕ್ಕೂ ಹಿಂದೆ ನಾನೇ ನಿಲ್ಲಿಸಿದ್ದ ಅದೇ ಬಾಟಲಿ. "ಆಗ ಬ್ಯಾಡ ಅಂದ್ರಿ, ಈಗ ಹಾಕು ಅಂತೀರಿ," ಅಂದಳು ಅವ್ವ. ನ್ಯಾಯವೇ. ಕೂರಿಸಿಕೊಂಡು ಪೂರ್ತಿ ಹೇಳಿದೆ, ನಾನು ಆರು ವಾರ ತಡ ಮಾಡಿದ್ದನ್ನೂ ಸೇರಿಸಿ. ಒಂದು ತಿಂಗಳಲ್ಲಿ ಒತ್ತಡ 16ಕ್ಕೆ ಇಳಿಯಿತು. ಕಾರ್ನಿಯಾ ತಿಳಿಯಾಗಿದ್ದರಿಂದ ಈಗ ನರ ಕಾಣುತ್ತಿತ್ತು, ಅದಕ್ಕೆ ಪೆಟ್ಟಾಗಿರಲಿಲ್ಲ. ಅದರಲ್ಲಿ ನನ್ನ ಜಾಣತನ ಏನೂ ಇಲ್ಲ.

ಎಡಗಣ್ಣಿನದು ಸುಸೂತ್ರವಾಗಿ ಮುಗಿಯಿತು. ಕನ್ನಡಕ ಬಂತು. ನೋಟದಲ್ಲಿ ಎಡಗಣ್ಣು ಹಿಂದೆ ಬಿದ್ದಿದ್ದರಿಂದ, ಅದು ಕೆಲಸ ಮಾಡಲಿ ಅಂತ ಬಲಗಣ್ಣಿಗೆ ದಿನಕ್ಕೆ ಎರಡು ತಾಸು ಪಟ್ಟಿ. ಪಟ್ಟಿ ಕಿತ್ತು ಎಮ್ಮೆಯ ಕೊಂಬಿಗೆ ಅಂಟಿಸಿದ ಫೋಟೋ ಒಂದು ನನ್ನ ಫೋನಿನಲ್ಲಿದೆ.

ಮುಂಜಾನೆಯ ಮಂಜು

ಅಜ್ಜಿ ಒಂದು ಸಲ ಜೊತೆಗೆ ಬಂದಿದ್ದರು. ಹೊರಡುವಾಗ ಬಾಗಿಲಲ್ಲಿ ನಿಂತು, "ನಂದೂ ಒಂಚೂರು ನೋಡ್ರಿ" ಅಂದರು. ಏಳುತ್ತಲೇ ಎಲ್ಲಾ ಮಂಜು ಮಂಜು, ರೊಟ್ಟಿ ಬಡಿದು ಮುಗಿಸುವ ಹೊತ್ತಿಗೆ ಸರಿ ಹೋಗುತ್ತದೆ ಅಂದರು. ಊರಿನ ಶಿಬಿರದಲ್ಲಿ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಮಾಡಿಸಿ ಅಂದಿದ್ದರಂತೆ.

ಬೆಳಗ್ಗೆ ಮಂಜು, ಆಮೇಲೆ ತಿಳಿ. ಇದು ಪೊರೆಯ ಲಕ್ಷಣ ಅಲ್ಲ. ರಾತ್ರಿ ರೆಪ್ಪೆ ಮುಚ್ಚಿರುವಾಗ ಕಾರ್ನಿಯಾದ ನೀರು ಆರುವುದಿಲ್ಲ. ಹಿಂದಿನ ಪದರ ಸೋತಿದ್ದರೆ ನಿದ್ದೆಯಲ್ಲಿ ಅದು ಊದುತ್ತದೆ, ಎದ್ದು ಕಣ್ಣು ಬಿಟ್ಟ ಮೇಲೆ ನಿಧಾನವಾಗಿ ಇಳಿಯುತ್ತದೆ. ಯಂತ್ರದಲ್ಲಿ ನೋಡಿದರೆ ಪದರದ ಮೇಲೆ ಚಿಕ್ಕ ಚಿಕ್ಕ ಗಂಟು. ಫುಕ್ಸ್ ಡಿಸ್ಟ್ರೊಫಿ, ಅಂದರೆ ಆ ಹಿಂದಿನ ಪದರವೇ ನಿಧಾನವಾಗಿ ಸೋಲುವ ಕಾಯಿಲೆ. ಎಸ್‌ಎಲ್‌ಸಿ4ಎ11ರ ಒಂದೇ ಪ್ರತಿ ಕೆಟ್ಟವರಲ್ಲಿ ಕೆಲವರಿಗೆ ವಯಸ್ಸಾದ ಮೇಲೆ ಇದು ಬರಬಹುದು. ಅಜ್ಜಿಯ ರಕ್ತದಲ್ಲೂ ಅದೇ ಬದಲಾವಣೆ ಸಿಕ್ಕಿತು. ಸುಮ್ನೆ ಪೊರೆಯ ಆಪರೇಷನ್ ಮಾಡಿದ್ದರೆ ಆ ಸೋತ ಪದರ ಪೂರ್ತಿ ಕೈಕೊಡಬಹುದಿತ್ತು. ಈಗ ಎರಡನ್ನೂ ಸೇರಿಸಿ ಯೋಚಿಸಿ ಮಾಡುತ್ತೇವೆ. ಪುಟ್ಟಿಯ ಅಪ್ಪ-ಅವ್ವನ ಕಣ್ಣನ್ನೂ ಆಗಾಗ ನೋಡುತ್ತಿದ್ದೇವೆ.

ಅಷ್ಟರಲ್ಲಿ ಮನೆಯಲ್ಲಿ ಇನ್ನೊಂದು ಮಾತುಕತೆ ನಡೆದಿತ್ತು. ಅಪ್ಪನ ತಮ್ಮನಿಗೆ ಅವ್ವನ ತಂಗಿಯನ್ನು ಕೊಡುವುದು ಅಂತ. ಅಂದರೆ ಮತ್ತೆ ಅದೇ ಮಾವ, ಅದೇ ಅಕ್ಕನ ಮಗಳು. ನಾನು ಉಪದೇಶ ಮಾಡಲಿಲ್ಲ. ಹೊಲ, ಮನೆ, ಮುಪ್ಪಿನ ಅಜ್ಜಿ ಎಲ್ಲವೂ ಆ ಮದುವೆಗೆ ಕಟ್ಟಿಕೊಂಡಿರುತ್ತವೆ. ಇಬ್ಬರಲ್ಲೂ ಕೆಟ್ಟ ಪ್ರತಿ ಇದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಇಬ್ಬರಲ್ಲಿ ಒಬ್ಬರಿಗಷ್ಟೇ ಇದ್ದರೆ ಮಗುವಿಗೆ ಚೆಡ್ ಬರುವ ಭಯ ಇಲ್ಲವೆನ್ನಬಹುದು. ಇಷ್ಟನ್ನೇ ಹೇಳಿ, ನಿಶ್ಚಯಕ್ಕೆ ಮೊದಲು ಇಬ್ಬರೂ ಬೇಕಿದ್ದರೆ ಪರೀಕ್ಷೆ ಮಾಡಿಸಬಹುದು ಅಂದೆ. ಇಬ್ಬರೂ ಬಂದರು. ಫಲಿತಾಂಶವನ್ನು ಬೇರೆ ಬೇರೆ ಕೂರಿಸಿ ಅವರವರಿಗಷ್ಟೇ ಹೇಳಿದೆ. ಹಿರಿಯರು ಫೋನ್ ಮಾಡಿ ಕೇಳಿದಾಗ ಹೇಳಲಿಲ್ಲ. ಇಲ್ಲಿಯೂ ಬರೆಯುವುದಿಲ್ಲ.

ಕಾರ್ಡಿನ ಕೊನೆಯ ಸಾಲು

ಪುಟ್ಟಿಗೆ ಈಗ 7 ವರ್ಷ. ಬಲಗಣ್ಣು 6/12, ಎಡಗಣ್ಣು 6/18, ಕನ್ನಡಕ ಹಾಕಿ. ಅಂದರೆ ಉಳಿದವರು 12 ಅಥವಾ 18 ಮೀಟರ್‌ನಿಂದ ಓದುವುದನ್ನು ಅವಳು 6 ಮೀಟರ್‌ನಿಂದ ಓದುತ್ತಾಳೆ. ಎರಡನೇ ಬೆಂಚಿನಲ್ಲಿ ಕೂತು ಬೋರ್ಡ್ ಓದುತ್ತಾಳೆ. ಆದರೆ ಕಳೆದ ವರ್ಷ ಶಾಲೆಯ ಅಕ್ಕೋರು ದೂರಿದರಂತೆ, "ಹುಡುಗಿ ಕರೆದರೆ ತಿರುಗಿ ನೋಡಂಗಿಲ್ಲ, ಲಕ್ಷ್ಯ ಇಲ್ಲ."

ಎಸ್‌ಎಲ್‌ಸಿ4ಎ11 ಒಳಗಿವಿಯ ಕೋಶಗಳಲ್ಲೂ ಇರುತ್ತದೆ. ಚೆಡ್ ಜೊತೆ ಕಿವಿಯೂ ನಿಧಾನವಾಗಿ ಮಂದವಾದರೆ ಅದಕ್ಕೆ ಹಾರ್ಬೋಯನ್ ಸಿಂಡ್ರೋಮ್ ಅನ್ನುತ್ತಾರೆ. ಹುಟ್ಟಿದಾಗ ಕಿವಿ ಸರಿ ಇರಬಹುದು, ಬೆಳೆಯುತ್ತಾ ಮಂದವಾಗಬಹುದು. ಇದು ನನಗೆ ಗೊತ್ತಿತ್ತು. ಡಿಸ್ಚಾರ್ಜ್ ಕಾರ್ಡಿನಲ್ಲಿ ಬರೆದೂ ಇದ್ದೆ, ವರ್ಷಕ್ಕೊಮ್ಮೆ ಕಿವಿ ಪರೀಕ್ಷೆ ಅಂತ. ಹಿಂಬದಿಯಲ್ಲಿ, ಕೊನೆಯ ಸಾಲಿನಲ್ಲಿ, ಇಂಗ್ಲಿಷಿನಲ್ಲಿ, ನನ್ನ ಕೈಬರಹದಲ್ಲಿ. ಐದು ವರ್ಷ ಅದನ್ನು ಯಾರೂ ಓದಿರಲಿಲ್ಲ. ಪ್ರತಿ ಸಲ ಬಂದಾಗಲೂ ಕಣ್ಣು ನೋಡಿ ಕಳಿಸಿದ ನಾನೂ ಓದಿರಲಿಲ್ಲ.

ಗಾಜಿನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು, ಶಬ್ದ ಕೇಳಿದಾಗಲೆಲ್ಲ ಕೈ ಎತ್ತಿದಳು. ಕೇಳದಿದ್ದಾಗಲೂ ಎರಡು ಸಲ ಎತ್ತಿ ನಮ್ಮ ಮುಖ ನೋಡಿ ನಕ್ಕಳು. ಎರಡೂ ಕಿವಿಯಲ್ಲಿ ಕೀಚು ಸ್ವರಗಳು ಸ್ವಲ್ಪ ಕಡಿಮೆ ಕೇಳುತ್ತಿವೆ. ಸದ್ಯ ಯಂತ್ರ ಬೇಡ, ಮೊದಲ ಬೆಂಚು ಸಾಕು ಅಂದರು ಕಿವಿಯವರು. ಅಕ್ಕೋರಿಗೆ ಒಂದು ಪತ್ರ ಬರೆದುಕೊಟ್ಟೆವು.

ಮುಂದಿನ ಪರೀಕ್ಷೆ ಮೇ ತಿಂಗಳಲ್ಲಿ, ಶಾಲೆ ಶುರುವಾಗುವ ಮೊದಲು. ಹೊಸ ಕಾರ್ಡ್ ತೆಗೆದುಕೊಂಡೆ. ಮೊದಲ ಸಾಲಿನಲ್ಲೇ, ಕನ್ನಡದಲ್ಲಿ, ದಪ್ಪ ಪೆನ್ನಿನಲ್ಲಿ ಬರೆದೆ. ಪುಟ್ಟಿ ಕಾರ್ಡನ್ನು ಮೂಗಿನ ಹತ್ತಿರ ತಂದಳು. ಹಳೆಯ ಚಾಳಿ. ಆಮೇಲೆ ತಾನೇ ಅಷ್ಟು ದೂರ ಹಿಡಿದು, ಅಕ್ಷರ ಕೂಡಿಸಿ ಕೂಡಿಸಿ ಅಪ್ಪನಿಗೆ ಓದಿ ಹೇಳಿದಳು, "ಕಿ-ವಿ ಪ-ರೀ-ಕ್ಷೆ."